ಗ್ರೂಪು ಬಿಡಬೇಕಾ, ಪೊರಕೆ ಹಿಡಿಯಬೇಕಾ

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಸಂಕಟವಾಯಿತು. ಜರ್ಮನಿಯ ಸಿಂಡೆಲ್‌ಫಿಂಗನ್‌ಗೆ ಬಂದು ಮೂರೇ ತಿಂಗಳು, ಅಷ್ಟರಲ್ಲೇ ನಮ್ಮವರ ಒಂಬತ್ತು ವಾಟ್ಸಾಪ್ ಗ್ರೂಪು. ಬೆಳಿಗ್ಗೆ ಎದ್ದರೆ ಇನ್ನೂರು ಮೆಸೇಜು. ಆದರೆ ಜ್ವರ ಬಂದು ಮಲಗಿದ ದಿನ ಒಂದು ಲೋಟ ಗಂಜಿ ಕೊಡುವವರು ಇರಲಿಲ್ಲ ಅಂತ ಬರೆದಿದ್ದೀರಿ. ಗ್ರೂಪು ಬಿಟ್ಟರೆ ಜಂಬ ಅಂದುಕೊಳ್ಳುತ್ತಾರಾ, ಬಿಡದಿದ್ದರೆ ತಲೆ ಕೆಡುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಪಕ್ಕದ ಮನೆಯವರು ‘ಹಲೋ’ ಬಿಟ್ಟು ಇನ್ನೊಂದು ಮಾತು ಆಡುವುದಿಲ್ಲ ಅನ್ನುವುದು ನಿಮ್ಮ ಎರಡನೇ ದೂರು.

ನಾನು ಹಾಸನದ ಕಡೆಯವಳು. ನಿಮ್ಮ ಪಕ್ಕದೂರು ಬ್ಯೋಬ್ಲಿಂಗನ್‌ನಲ್ಲಿ 14 ವರ್ಷವಾಯಿತು. ನಿಮ್ಮನ್ನು ಇನ್ನೂ ನೋಡಿಲ್ಲ, ಆದ್ದರಿಂದ ‘ನೀವು’ ಅಂತಲೇ ಬರೆಯುತ್ತೇನೆ. ಈ ನೀನು-ನೀವು ವಿಷಯಕ್ಕೆ ಮುಂದೆ ಬರುತ್ತೇನೆ.

ಗ್ರೂಪುಗಳನ್ನು ಬೈಯುವುದು ಸುಲಭ. ನಾನು ಬೈಯಲ್ಲ. ಕರಿಬೇವು ಎಲ್ಲಿ ಸಿಗುತ್ತೆ, ಮನೆಗೆ ಬಂದ 14 ದಿನದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರಿಂದ ಯಾವ ಕಾಗದ ಬೇಕು, ಎಲ್ಲ ಹೇಳಿಕೊಟ್ಟಿದ್ದು ಗ್ರೂಪೇ. ಒಂದು ರಾತ್ರಿ ಹನ್ನೊಂದು ಗಂಟೆಗೆ ಮಗಳ ಮೈ ಕೆಂಡದ ಹಾಗೆ ಸುಡುತ್ತಿತ್ತು. 116117ಕ್ಕೆ ಫೋನ್ ಮಾಡಿ, ರಾತ್ರಿ ಹೊತ್ತಿನ ಡಾಕ್ಟರ್ ಸಿಗುತ್ತಾರೆ ಅಂತ ಮುಖವೇ ನೋಡದ ಯಾರೋ ಒಬ್ಬರು ಎರಡು ನಿಮಿಷದಲ್ಲಿ ಬರೆದರು. ಆ ಋಣ ಮರೆಯುವುದಿಲ್ಲ.

ಆದರೆ ಅದೇ ಗ್ರೂಪು ನನಗೆ ಎರಡು ತಿಂಗಳ ಬಾಡಿಗೆ ದಂಡ ಹಾಕಿಸಿತು. ಮನೆ ಬದಲಾಯಿಸುವಾಗ ಎಷ್ಟು ದಿನ ಮುಂಚೆ ಹೇಳಬೇಕು ಅಂತ ಕೇಳಿದ್ದೆ. ಒಂದು ತಿಂಗಳು ಸಾಕು, ಇ-ಮೇಲ್ ಹಾಕಿ ಅಂದರು. ನಾನೂ ನಂಬಿದೆ. ಇಲ್ಲಿಯ ಕಾನೂನಿನಲ್ಲಿ ಬಾಡಿಗೆದಾರರು ಮೂರು ತಿಂಗಳ ನೋಟಿಸ್ ಕೊಡಬೇಕು. ಕಾಗದದಲ್ಲಿ, ಸಹಿ ಮಾಡಿ. ತಿಂಗಳ ಮೂರನೇ ಕೆಲಸದ ದಿನದೊಳಗೆ ಮಾಲೀಕರ ಕೈ ಸೇರಿದರೆ ಮಾತ್ರ ಆ ತಿಂಗಳು ಲೆಕ್ಕಕ್ಕೆ. ಇ-ಮೇಲ್ ನಡೆಯುವುದಿಲ್ಲ. ಆಮೇಲೆ ಕೂತು ನೋಡಿದೆ. ‘ಎಲ್ಲರೂ ಹೇಳಿದರು’ ಅಂದುಕೊಂಡಿದ್ದೆನಲ್ಲ, ಹೇಳಿದ್ದು ಮೂರು ಜನ. ಉಳಿದ ಇನ್ನೂರೈವತ್ತು ಜನ ಸುಮ್ಮನಿದ್ದರು. ಗ್ರೂಪಿನಲ್ಲಿ ಮೌನ ಒಪ್ಪಿಗೆಯ ಹಾಗೆ ಕಾಣುತ್ತದೆ. ಅಲ್ಲಿ ಸುಮ್ಮನಿದ್ದವರಲ್ಲಿ ಹೆಚ್ಚಿನವರು ಮೆಸೇಜು ಓದಿಯೇ ಇರಲಿಲ್ಲ.

ಇನ್ನು ಲಗೇಜಿನ ಕಥೆ. ನೀವು ಊರಿಗೆ ಹೋಗುವ ಸುದ್ದಿ ಹೇಗೋ ಗ್ರೂಪಿಗೆ ಗೊತ್ತಾಗುತ್ತದೆ. ‘ಅಕ್ಕಾ, ಬರುವಾಗ ಎರಡೇ ಎರಡು ಕೆಜಿ, ಅಮ್ಮ ಚಟ್ನಿಪುಡಿ ಕಳಿಸ್ತಾರೆ.’ ಎರಡು ಕೆಜಿ ನಾಲ್ಕಾಗುತ್ತದೆ, ಒಳಗೆ ತುಪ್ಪದ ಡಬ್ಬಿ ಇರುತ್ತದೆ. ಯುರೋಪಿನ ಹೊರಗಿಂದ ತುಪ್ಪ ತರುವ ಹಾಗಿಲ್ಲ. ಕಸ್ಟಮ್ಸ್‌ನವರು ಕೇಳುವುದು ನಿಮ್ಮನ್ನು, ಆ ಅಮ್ಮನನ್ನಲ್ಲ. ಕಟ್ಟಿದ ಪೊಟ್ಟಣ ತರಬೇಡಿ. ಯಾರದ್ದೇ ಆಗಲಿ, ನಿಮ್ಮ ಕೈಯಾರೆ ಬಿಚ್ಚಿ ನೋಡಿ ತುಂಬಿಕೊಳ್ಳಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಈ ಒಂದು ವಿಷಯದಲ್ಲಿ ನಾನು ಕಲ್ಲು.

ಎಸ್ಲಿಂಗನ್‌ಗೆ ಹೋದ ಕಥೆಯನ್ನೂ ಹೇಳಬೇಕು. 1843ರಲ್ಲಿ ‘ಮಂಗಳೂರ ಸಮಾಚಾರ’ ಶುರು ಮಾಡಿದ ಹರ್ಮನ್ ಮ್ಯೋಗ್ಲಿಂಗ್ ತೀರಿಕೊಂಡ ಊರು ಅದು. ನಮ್ಮ ಕನ್ನಡದ ಮೊದಲ ಪತ್ರಿಕೆ ಮಾಡಿದವರು ಇದ್ದ ಊರು ನೋಡಿ ಬರೋಣ, ಎಸ್-ಬಾನ್ ಲೋಕಲ್ ರೈಲು ಹತ್ತಿದರೆ ಬಂತು ಅಂತ ಒಬ್ಬರು ಗ್ರೂಪಿಗೆ ಹಾಕಿದರು. ಎಪ್ಪತ್ತು ಜನ ಹೆಬ್ಬೆಟ್ಟು ಒತ್ತಿದರು. ಭಾನುವಾರ ಸ್ಟೇಷನ್ನಿಗೆ ಬಂದವರು ಐದು ಜನ. ಮೊದಲು ಕೋಪ ಬಂತು. ಈಗ ಅನ್ನಿಸುತ್ತದೆ, ನಮ್ಮವರಿಗೆ ಹೆಬ್ಬೆಟ್ಟು ಅಂದರೆ ‘ಬರುತ್ತೇನೆ’ ಅಂತ ಅಲ್ಲ, ‘ನೋಡಿದೆ, ಚೆನ್ನಾಗಿದೆ’ ಅಂತ ಅಷ್ಟೆ. ಜರ್ಮನ್ನರಿಗೆ ಹಾಗಲ್ಲ. ಬರುತ್ತೇನೆ ಅಂದರೆ ಬರುತ್ತಾರೆ, ಐದು ನಿಮಿಷ ಮುಂಚೆಯೇ ಬರುತ್ತಾರೆ. ಅವರಿಗೂ ನಮ್ಮ ಧಾಟಿಯಲ್ಲಿ ‘ನೋಡೋಣ, ಬರೋಣ’ ಅಂದಿರೋ, ನಿಮ್ಮ ಪಾಲಿನ ಕೇಕು ತೆಗೆದಿಟ್ಟು ಕಾಯುತ್ತಾ ಕೂರುತ್ತಾರೆ.

ಹುಟ್ಟುಹಬ್ಬದಲ್ಲಂತೂ ನಾನು ಚೆನ್ನಾಗಿ ಸಿಕ್ಕಿಬಿದ್ದೆ. ಬೆಂಗಳೂರಿನಲ್ಲಿ ನಡುರಾತ್ರಿ ಹನ್ನೆರಡು ಆದಾಗ ಇಲ್ಲಿ ಬೇಸಿಗೆಯಲ್ಲಿ ಹಿಂದಿನ ದಿನ ಸಂಜೆ ಎಂಟೂವರೆ. ನಮ್ಮ ಗ್ರೂಪಿನಲ್ಲಿ ಆಗಲೇ ಶುಭಾಶಯ ಶುರು. ಅದೇ ಅಭ್ಯಾಸದಲ್ಲಿ ಆಫೀಸಿನ ಒಬ್ಬರಿಗೆ ಹಿಂದಿನ ಸಂಜೆಯೇ ಶುಭಾಶಯ ಹೇಳಿಬಿಟ್ಟೆ. ಅವರ ಮುಖ ಸಪ್ಪಗಾಯಿತು. ಮುಂಚೆ ಹೇಳಿದರೆ ಕೆಟ್ಟದ್ದಾಗುತ್ತದೆ ಅನ್ನುವ ನಂಬಿಕೆ ಇಲ್ಲಿ ಇದೆ. ವಿಮಾನ ಮಾಡುವ ಜನ, ಇದನ್ನೂ ನಂಬುತ್ತಾರೆ! ನಮ್ಮ ರಾಹುಕಾಲಕ್ಕೆ ಜೊತೆ ಸಿಕ್ಕಿತು ಅಂತ ಸಮಾಧಾನ ಮಾಡಿಕೊಂಡೆ. ಇಲ್ಲಿ ಹುಟ್ಟುಹಬ್ಬ ಯಾರದ್ದೋ ಕೇಕು ತರುವವರೂ ಅವರೇ, ನೀವು ಕೊಡಿಸಬೇಕಾಗಿಲ್ಲ.

ಫೋಟೋ ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಮಗಳ ಹುಟ್ಟುಹಬ್ಬಕ್ಕೆ ಬಂದ ಮಕ್ಕಳ ಫೋಟೋ ಫೇಸ್‌ಬುಕ್ಕಿಗೆ ಹಾಕಿದ್ದೆ. ಮಾರನೇ ದಿನ ಒಬ್ಬ ತಾಯಿ ಬಾಗಿಲಿಗೆ ಬಂದರು. ಕೂಗಾಡಲಿಲ್ಲ. ‘ನನ್ನ ಮಗನ ಚಿತ್ರ ತೆಗೆಯಿರಿ’ ಅಂದರು, ನಾನು ತೆಗೆಯುವವರೆಗೂ ನಿಂತಿದ್ದರು. ಒಪ್ಪಿಗೆ ಇಲ್ಲದೆ ಒಬ್ಬರ ಚಿತ್ರ ಹಂಚಬಾರದು ಅನ್ನುವ ಕಾನೂನು ಇಲ್ಲಿ 1907ರದ್ದು, ಫೇಸ್‌ಬುಕ್ಕಿನ ಮುತ್ತಾತನ ಕಾಲದ್ದು. ನಮಗೆ ಫೋಟೋ ಹಾಕದಿದ್ದರೆ ‘ನಮ್ಮ ಮಗು ಬೇಡವಾಯಿತಾ’ ಅಂತ ಕೋಪ, ಅವರಿಗೆ ಹಾಕಿದರೆ ಕೋಪ.

ಈಗ ನಿಮ್ಮ ಪಕ್ಕದ ಮನೆಯವರ ವಿಷಯ. ನಮ್ಮ ಗ್ರೂಪಿಗೆ ಸೇರಿದ ಎರಡೇ ನಿಮಿಷಕ್ಕೆ ನೀವು ಅಕ್ಕ, ಗುರು, ಬ್ರೋ ಎಲ್ಲ ಆಗಿಬಿಡುತ್ತೀರಿ. ಇಲ್ಲಿಯವರಿಗೆ ‘ಜೀ’ಯಿಂದ ‘ಡೂ’ಗೆ ಬರಲು, ಅಂದರೆ ನೀವುನಿಂದ ನೀನುಗೆ ಇಳಿಯಲು, ವರ್ಷಗಳು ಬೇಕು. ನಮ್ಮ ಎದುರು ಮನೆ ಅಜ್ಜಿಗೆ ನಾಲ್ಕು ವರ್ಷ ಬೇಕಾಯಿತು. ಅದು ಶುರುವಾದದ್ದು ಕೇರ್‌ವೋಖೆಯಿಂದ. ಈ ಶ್ವಾಬಿಯಾ ಸೀಮೆಯ ವಾಡಿಕೆ ಅದು. ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಪುಟ್ಟ ಬೋರ್ಡು ಬಂದು ನೇತಾಡುತ್ತದೆ. ನನ್ನ ಬಾಗಿಲಿಗೆ ಬಂದಾಗ ಏನೋ ಜಾಹೀರಾತು ಅಂತ ಕಿತ್ತು ಕಸಕ್ಕೆ ಹಾಕಿದ್ದೆ! ಅಜ್ಜಿ ಬಂದು, ಕಸದ ಡಬ್ಬದಿಂದ ಅದನ್ನು ತೆಗೆಸಿ, ಬಕೆಟ್ಟು ಬಟ್ಟೆ ತಂದು ತಾವೇ ತೋರಿಸಿಕೊಟ್ಟರು. ನಾನು ಕೆಳಗಿನ ಮೆಟ್ಟಿಲಿಂದ ಶುರು ಮಾಡಿದ್ದು ನೋಡಿ ಜೋರಾಗಿ ನಕ್ಕರು.

ಮಾರನೇ ದಿನ ಒಂದು ಡಬ್ಬಿ ಕೋಡುಬಳೆ ಕೊಟ್ಟೆ. ಬೆಳಗಾಗುವಷ್ಟರಲ್ಲಿ ಡಬ್ಬಿ ವಾಪಸ್ ಬಂತು. ತೊಳೆದು, ಒರೆಸಿ, ಖಾಲಿ. ಖಾಲಿ ಪಾತ್ರೆ ಯಾರಾದರೂ ವಾಪಸ್ ಕೊಡುತ್ತಾರಾ ಅಂತ ನನಗೆ ತುಂಬಾ ಬೇಜಾರಾಯಿತು. ಬೇರೆಯವರ ವಸ್ತುವನ್ನು ತಡಮಾಡದೆ ಹಿಂದಿರುಗಿಸುವುದೇ ಅವರ ಮರ್ಯಾದೆ ಅಂತ ಅರ್ಥವಾಗಲು ಒಂದು ವರ್ಷ ಹಿಡಿಯಿತು. ನನಗೆ ಜ್ವರ ಬಂದಾಗ ಸೂಪು ತಂದುಕೊಟ್ಟಿದ್ದು ಆ ಅಜ್ಜಿಯೇ. ಮೆಟ್ಟಿಲು ಒರೆಸದೆ ಇದ್ದದ್ದನ್ನು ನೋಡಿ, ಏನೋ ಆಗಿದೆ ಅಂತ ಬಂದರಂತೆ.

ಕನ್ನಡದ ಗೆಳತಿಯರು ಸಿಕ್ಕಿದ್ದೂ ಹೀಗೇ. ರಾಜ್ಯೋತ್ಸವಕ್ಕೆ ಹಾಲ್ ಬಾಡಿಗೆಗೆ ತೆಗೆದುಕೊಂಡಿದ್ದರು. ಚಿತ್ರಾನ್ನ ಯಾರು, ಪಾಯಸ ಯಾರು ಅಂತ ಗ್ರೂಪಿನಲ್ಲಿ ಉದ್ದನೆಯ ಪಟ್ಟಿ. ಊಟವಾಗಿ ಹಾಡು ಮುಗಿದ ಮೇಲೆ ನೋಡಿದರೆ ನಾವು ಏಳು ಜನ ಉಳಿದಿದ್ದೆವು. ಹಾಲನ್ನು ‘ಬೇಜನ್‌ರೈನ್’ ವಾಪಸ್ ಕೊಡಬೇಕು, ಅಂದರೆ ಪೊರಕೆ ಆಡಿಸಿದಷ್ಟು ಶುಭ್ರ. ರಾತ್ರಿ ಹನ್ನೊಂದರವರೆಗೆ ಕುರ್ಚಿ ಮಡಚಿ, ಗುಡಿಸಿ, ಅಂಟಿದ ಪಾಯಸ ಕೆರೆದೆವು. ಜರ್ಮನಿಯಲ್ಲಿ ಒಂದು ಸಂಘ ನೋಂದಾಯಿಸಲು ಏಳು ಜನ ಸಾಕಂತೆ. ನಾವು ಸಂಘ ಏನೂ ಕಟ್ಟಲಿಲ್ಲ, ಆದರೆ ಆ ಆರು ಜನರ ಮನೆಗೆ ಇವತ್ತಿಗೂ ಹೇಳದೆ ಕೇಳದೆ ಹೋಗುತ್ತೇನೆ. ಇಲ್ಲಿ ಹಾಗೆ ಹೋಗಬಹುದಾದ ಮನೆಗಳು ಅವಷ್ಟೇ.

ಹಾಗಾಗಿ ಬಿಡಬೇಕಾ ಅಂದರೆ, ಎರಡು ಗ್ರೂಪು ಇಟ್ಟುಕೊಳ್ಳಿ. ನಿಮ್ಮೂರಿನದ್ದೊಂದು, ಕೊಡು-ಕೊಳ್ಳುವುದಕ್ಕೆ ಒಂದು. ಉಳಿದದ್ದನ್ನು ಮ್ಯೂಟ್ ಮಾಡಿ, ತಿಂಗಳಾದ ಮೇಲೆ ಸದ್ದಿಲ್ಲದೆ ಹೊರಗೆ ಬನ್ನಿ. ಯಾರಾದರೂ ಕೇಳಿದರೆ ‘ಫೋನು ತುಂಬಿತ್ತು’ ಅನ್ನಿ. ಸುಳ್ಳಲ್ಲವಲ್ಲ. ಈ ಸಲ ರಾಜ್ಯೋತ್ಸವಕ್ಕೆ ಅಡುಗೆ ಪಟ್ಟಿಯಲ್ಲಿ ಹೆಸರು ಬರೆಸಬೇಡಿ, ಕೊನೆಯಲ್ಲಿ ನಿಲ್ಲುವವರ ಪಟ್ಟಿಯಲ್ಲಿ ಬರೆಸಿ. ಅಲ್ಲಿ ಯಾವಾಗಲೂ ಜಾಗ ಖಾಲಿ ಇರುತ್ತದೆ. ಬಾಗಿಲಿಗೆ ಬೋರ್ಡು ಬಂದರೆ ಶನಿವಾರವೇ ಮೆಟ್ಟಿಲು ಒರೆಸಿಬಿಡಿ. ಭಾನುವಾರ ವ್ಯಾಕ್ಯೂಮ್ ಹಾಕಿ ಸದ್ದು ಮಾತ್ರ ಮಾಡಬೇಡಿ, ಆಮೇಲೆ ಆ ‘ಹಲೋ’ ಕೂಡ ಹೋಗುತ್ತದೆ.