ಫೆಬ್ರವರಿಯ ಒಪ್ಪಂದ, ಮಾರ್ಚ್ ಕೊನೆಯ ನೆರೆ

ನಿಮ್ಮ ಪತ್ರ ಓದಿದೆ. ದಾವಣಗೆರೆಯಲ್ಲಿ ಓದುವಾಗ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡಕ್ಕೆ ಪಿಚರ್ (ಚೆಂಡು ಎಸೆಯುವವರು) ಆಗಿದ್ದ ನೀವು ಈ ಆಗಸ್ಟಿನಲ್ಲಿ ಎಂ.ಎಸ್. ಓದಲು ಅರಿಜೋನಾಕ್ಕೆ ಬಂದಿದ್ದೀರಿ. ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್‌ನಲ್ಲಿ ನಡೆಯುವ ಚಳಿಗಾಲದ ಲೀಗಿಗೆ ಹಣ ಕಟ್ಟಿ ಸೇರಿದರೆ ವೃತ್ತಿಪರ ತಂಡದ ಒಪ್ಪಂದ ಸಿಗುತ್ತದೆಯೆಂದು ಯಾರೋ ಹೇಳಿದ್ದಾರೆ. ಅದು ನಿಜವೇ, ಎಷ್ಟು ಖರ್ಚಾಗುತ್ತದೆ, ಎಲ್ಲಿ ಉಳಿಯಬೇಕು, ವೀಸಾಕ್ಕೆ ತೊಂದರೆಯಿಲ್ಲವೇ, ಊಟಕ್ಕೇನು ಮಾಡುವುದು ಎಂದು ಕೇಳಿದ್ದೀರಿ. ನಾನು ಆಟಗಾರನಲ್ಲ. ಅರಕಲಗೂಡಿನ ಕಡೆಯಿಂದ ಬಂದು, ಆ ಲೀಗಿನ ಪಂದ್ಯಗಳು ನಡೆಯುವ ಕ್ರೀಡಾಂಗಣದಿಂದ ಹೆಚ್ಚು ದೂರವಿಲ್ಲದ ಒಂದು ಮೋಟೆಲಿನ ಲೆಕ್ಕಪತ್ರವನ್ನೂ ಸ್ವಾಗತದ ಮೇಜನ್ನೂ ಬಹಳ ಕಾಲ ನೋಡಿಕೊಂಡವನು. ಜನವರಿ ಬಂತೆಂದರೆ ನಮ್ಮ ಕೋಣೆಗಳಲ್ಲಿ ಈ ಹುಡುಗರೇ ತುಂಬಿರುತ್ತಿದ್ದರು. ನನಗೆ ತಿಳಿದಿರುವುದೆಲ್ಲ ಅವರಿಂದ ಕೇಳಿದ್ದು, ಅವರನ್ನು ನೋಡಿ ಕಲಿತದ್ದು.

ಊಟದ ವಿಚಾರವನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಅಕ್ಕಿ, ಬೇಳೆ, ಮನೆಯಿಂದ ತಂದ ಸಾರಿನ ಪುಡಿ, ಒಂದು ಚಿಕ್ಕ ಕುಕ್ಕರ್ ಇದ್ದರೆ ಒಂದು ತಿಂಗಳು ಹೇಗೂ ಕಳೆಯುತ್ತದೆ. ಉಳಿಯಲು ಮೂವರು ಸೇರಿ ವಾರದ ಬಾಡಿಗೆಗೆ ಒಂದು ಕೋಣೆ ಹಿಡಿಯಿರಿ. ಶುಲ್ಕವನ್ನು ಲೀಗಿನವರೇ ಪ್ರಕಟಿಸುತ್ತಾರೆ. ಆದರೆ ಕೋಣೆಯ ಬಾಡಿಗೆ, ಕಾರಿನ ಖರ್ಚುಗಳನ್ನೂ ಅದರ ಪಕ್ಕದಲ್ಲಿಯೇ ಬರೆದುಕೊಂಡು ಕೂಡಿಸಿ ನೋಡಿ, ಏಕೆಂದರೆ ಕೆನಡಾ ಮತ್ತು ಉತ್ತರದ ರಾಜ್ಯಗಳ ಹಿರಿಯರು ಚಳಿ ತಪ್ಪಿಸಿಕೊಳ್ಳಲು ಈ ಮರುಭೂಮಿಗೆ ಬಂದಿಳಿಯುವ ಕಾಲವೂ ಅದೇ, ಆಗ ಬಾಡಿಗೆ ಏರಿರುತ್ತದೆ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಒಪ್ಪಂದ ಸಿಗುವುದು ನಿಜ. ಆದರೆ ಯಾರಿಂದ ಸಿಗುತ್ತದೆ, ಅದು ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ತಿಳಿಯದೆ ಬರಬೇಡಿ.

ಇಲ್ಲಿ ಫ್ರೀ ಏಜೆಂಟ್ ಎಂದರೆ ಯಾವ ತಂಡದ ಹಂಗಿನಲ್ಲಿಯೂ ಇಲ್ಲದವನು. ಕೇಳುವುದಕ್ಕೆ ಚೆನ್ನಾಗಿದೆ; ಕೋಟಿಗಟ್ಟಲೆ ಡಾಲರಿನ ಸುದ್ದಿಗಳೂ ಈ ಹೆಸರಿನಲ್ಲಿಯೇ ಬರುತ್ತವೆ. ನಮ್ಮ ಮೋಟೆಲಿಗೆ ಬರುತ್ತಿದ್ದ ಫ್ರೀ ಏಜೆಂಟರು ಯಾರಿಗೂ ಬೇಡವಾಗಿದ್ದವರು: ಕಾಲೇಜು ಮುಗಿಸಿ ಡ್ರಾಫ್ಟಿನಲ್ಲಿ (ಅಮೆರಿಕದ ಅತ್ಯುನ್ನತ ಲೀಗಾದ ಮೇಜರ್ ಲೀಗಿನ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವಲ್ಲಿ) ಆಯ್ಕೆಯಾಗದವರು, ಅದರ ಕೆಳಗಿನ ಮೈನರ್ ಲೀಗಿನಲ್ಲಿ ಒಂದೆರಡು ವರ್ಷ ಆಡಿ ಹೊರಬಿದ್ದವರು, ಮೊಣಕೈ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಂಡು ಮತ್ತೆ ಎಸೆಯುತ್ತಿರುವವರು. ಇಂಥವರ ಸಂಖ್ಯೆ ಹೆಚ್ಚುತ್ತಿರುವುದಕ್ಕೆ ಕಾರಣಗಳಿವೆ. ಹಿಂದೆ 40 ಸುತ್ತುಗಳಿದ್ದ ಮೇಜರ್ ಲೀಗಿನ ಡ್ರಾಫ್ಟ್ ಕೋವಿಡ್ ವರ್ಷವಾದ 2020ರಲ್ಲಿ 5 ಸುತ್ತುಗಳಿಗೆ ಇಳಿಯಿತು, 2021ರಿಂದ 20ರಲ್ಲಿ ನಿಂತಿದೆ. ಅದೇ 2021ರಲ್ಲಿ ಮೇಜರ್ ಲೀಗ್ ತಂಡಗಳಿಗೆ ಸೇರಿದ ಮೈನರ್ ಲೀಗ್ ತಂಡಗಳನ್ನು 120ಕ್ಕೆ ಇಳಿಸಿದರು. 2024ರಿಂದ ಒಂದೊಂದು ಮೇಜರ್ ಲೀಗ್ ಸಂಸ್ಥೆಯೂ ಋತುವಿನಲ್ಲಿ ದೇಶದೊಳಗೆ ಇಟ್ಟುಕೊಳ್ಳಬಹುದಾದ ಮೈನರ್ ಲೀಗ್ ಆಟಗಾರರ ಮಿತಿ 180ರಿಂದ 165ಕ್ಕೆ ಬಂದಿದೆ. ಬಾಗಿಲುಗಳು ಕಡಿಮೆಯಾದವು, ಬಾಗಿಲ ಮುಂದೆ ನಿಂತವರು ಕಡಿಮೆಯಾಗಲಿಲ್ಲ.

ಹೀಗೆ ಉಳಿದವರಿಗೆ ಆಸರೆಯಾಗಿರುವುದು ಸ್ವತಂತ್ರ ಲೀಗುಗಳು, ಎಂದರೆ ಮೇಜರ್ ಲೀಗ್ ತಂಡಗಳಿಗೆ ಸೇರದ ಲೀಗುಗಳು. ಅಟ್ಲಾಂಟಿಕ್ ಲೀಗ್, ಅಮೆರಿಕನ್ ಅಸೋಸಿಯೇಷನ್, ಫ್ರಾಂಟಿಯರ್ ಲೀಗ್, ಪಯೋನಿಯರ್ ಲೀಗ್ ಎಂಬ ನಾಲ್ಕು ಮೇಜರ್ ಲೀಗಿನ ಪಾಲುದಾರ ಲೀಗುಗಳೆಂದು ಕರೆಸಿಕೊಳ್ಳುತ್ತವೆ. ಅವುಗಳಿಗಿಂತ ಕೆಳಗೆ ಪೆಕೋಸ್ ಲೀಗಿನಂಥವು ಇವೆ. ಪಾಮ್ ಸ್ಪ್ರಿಂಗ್ಸ್‌ನಲ್ಲಿ 2010ರಲ್ಲಿ ಆರಂಭವಾದ ಕ್ಯಾಲಿಫೋರ್ನಿಯಾ ವಿಂಟರ್ ಲೀಗ್ ಈ ಸ್ವತಂತ್ರ ತಂಡಗಳಿಗೆ ಆಟಗಾರರನ್ನು ಒದಗಿಸುವ ಸಂತೆ. ಡೊಮಿನಿಕನ್ ಗಣರಾಜ್ಯ, ಮೆಕ್ಸಿಕೊ, ವೆನೆಜುವೆಲಾಗಳ ಚಳಿಗಾಲದ ಲೀಗುಗಳೊಡನೆ ಇದನ್ನು ಒಂದೇ ಎಂದುಕೊಳ್ಳಬೇಡಿ. ಅಲ್ಲಿ ಆಗಲೇ ಹೆಸರಿರುವ ಆಟಗಾರನಿಗೆ ತಂಡವೇ ಸಂಬಳ ಕೊಟ್ಟು ಕರೆಸಿಕೊಳ್ಳುತ್ತದೆ, ನಾಲ್ಕು ಪಂದ್ಯ ಕೆಟ್ಟರೆ ವಿಮಾನ ಹತ್ತಿಸಿಯೂ ಬಿಡುತ್ತದೆ. ಇಲ್ಲಿ ಆಡುವವನೇ ಹಣ ಕಟ್ಟುತ್ತಾನೆ.

ಹಣ ಕಟ್ಟಿ ಆಡುವುದು ಮೋಸವಲ್ಲವೇ ಎಂದು ನನಗೂ ಮೊದಮೊದಲು ಅನಿಸುತ್ತಿತ್ತು. ಅಲ್ಲವೆಂದು ನಂತರ ತಿಳಿಯಿತು. ಒಂದು ದಿನದ ಆಯ್ಕೆ ಶಿಬಿರದಲ್ಲಿ ಅರುವತ್ತು ಗಜ ಓಡಿಸುತ್ತಾರೆ, ಪಿಚರ್‌ನಿಂದ ಹತ್ತು ಹದಿನೈದು ಚೆಂಡು ಎಸೆಸುತ್ತಾರೆ, ಸಂಜೆಗೆ ಮನೆಗೆ ಕಳುಹಿಸುತ್ತಾರೆ. ಚಳಿಗಾಲದ ಲೀಗಿನಲ್ಲಿ ಆಟಗಾರರನ್ನು ತಂಡಗಳಾಗಿ ಹಂಚಿ ವಾರಗಟ್ಟಲೆ ನಿಜವಾದ ಪಂದ್ಯಗಳನ್ನು ಆಡಿಸುತ್ತಾರೆ, ಆ ತಂಡಗಳನ್ನು ನಡೆಸುವ ತರಬೇತುದಾರರಲ್ಲಿ ಅನೇಕರು ಬೇಸಿಗೆಯಲ್ಲಿ ಸ್ವತಂತ್ರ ಲೀಗಿನ ತಂಡಗಳನ್ನು ನಡೆಸುವವರೇ ಆಗಿರುತ್ತಾರೆ. ಒಪ್ಪಂದ ಕೊಡಬಲ್ಲವನು ನಿಮ್ಮ ಬೆಂಚಿನಲ್ಲಿಯೇ ಕುಳಿತಿರುತ್ತಾನೆ. ಮೂರು ಹೋಂ ರನ್ ಬಿಟ್ಟುಕೊಟ್ಟ ಮರುದಿನ ನೀವು ಎಷ್ಟು ಹೊತ್ತಿಗೆ ಮೈದಾನಕ್ಕೆ ಬಂದಿರಿ, ಕ್ಯಾಚರ್‌ನೊಡನೆ ಹೇಗೆ ಮಾತಾಡಿದಿರಿ ಎಂಬುದನ್ನೆಲ್ಲ ಅವನು ನೋಡುತ್ತಾನೆ. ಫ್ರಾಂಟಿಯರ್ ಲೀಗಿನ ನಿಯಮಗಳಂತೆ ತಂಡದಲ್ಲಿ ಇಷ್ಟು ಜನ ಅನುಭವ ಕಡಿಮೆಯಿರುವವರು ಇರಲೇಬೇಕು. ಆದ್ದರಿಂದ ಹೊಸಬರಿಗೆ ಬೇಡಿಕೆ ಇದ್ದೇ ಇದೆ. ಪಿಚರ್‌ಗಳಿಗೆ ಇನ್ನೂ ಹೆಚ್ಚು.

ಆ ಕ್ರೀಡಾಂಗಣದ ಬಗ್ಗೆ ಒಂದು ಮಾತು, ಊರಿನ ಅಭಿಮಾನಕ್ಕೆ. ಮೇಜರ್ ಲೀಗಿನ ಏಂಜಲ್ಸ್ ತಂಡ 1961ರಿಂದ 1992ರವರೆಗೆ ವಸಂತ ಕಾಲದ ತರಬೇತಿ ನಡೆಸಿದ್ದು ಅಲ್ಲಿಯೇ. ಕ್ಯಾಲಿಫೋರ್ನಿಯಾ ವಿಂಟರ್ ಲೀಗ್ ಎಂಬ ಇದೇ ಹೆಸರಿನ ಹಳೆಯ ಲೀಗೊಂದು ಕಳೆದ ಶತಮಾನದ ಮೊದಲರ್ಧದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿತ್ತು. ಮೇಜರ್ ಲೀಗ್ ಕಪ್ಪು ಆಟಗಾರರಿಗೆ ಬಾಗಿಲು ಮುಚ್ಚಿದ್ದ ದಿನಗಳಲ್ಲಿ ಹೆಸರಾಂತ ಕಪ್ಪು ಪಿಚರ್ ಸ್ಯಾಚೆಲ್ ಪೇಜ್‌ನಂಥವರು ಅಲ್ಲಿ ಬಿಳಿಯರ ತಂಡಗಳ ಎದುರು ಆಡಿದರು. ಜನವರಿಯಲ್ಲಿ ಇಲ್ಲಿ ಹಗಲು ನಮ್ಮ ಹಾಸನದ ಚಳಿಗಾಲದ ಹಾಗೆಯೇ ಹಿತವಾಗಿರುತ್ತದೆ, ಸ್ಯಾನ್ ಜಸಿಂಟೊ ಬೆಟ್ಟದ ಮೇಲೆ ಮಾತ್ರ ಹಿಮ ಕೂತಿರುತ್ತದೆ. ಸಂಜೆಯ ಹೊತ್ತಿಗೆ ಹುಡುಗರು ಬಂದು ಸ್ಪೈಕ್ ಶೂಗಳನ್ನು ಮೆಟ್ಟಿಲ ಕಂಬಿಗೆ ತೂಗುಹಾಕುತ್ತಿದ್ದರು. ಬಚ್ಚಲ ತೊಟ್ಟಿಯಲ್ಲಿ ಬಟ್ಟೆ ನೆನೆಸಿ ಮೈದಾನದ ಕೆಂಪು ಜೇಡಿಯನ್ನೆಲ್ಲ ಅಲ್ಲಿಯೇ ಬಿಟ್ಟು ಹೋಗುತ್ತಿದ್ದರಿಂದ, ಶುಚಿ ಮಾಡುವ ಹೆಂಗಸರು ನನ್ನ ಹತ್ತಿರ ದೂರು ತರದ ದಿನವಿರಲಿಲ್ಲ.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದು ಇದು. ಒಂದು ಫೆಬ್ರವರಿಯಲ್ಲಿ ಓಹಾಯೋ ಕಡೆಯ ಹುಡುಗನೊಬ್ಬ, ಬಲಗೈ ಪಿಚರ್, ಒಪ್ಪಂದ ಬಂದಿದೆ, ಮುದ್ರಿಸಿ ಕೊಡಿ ಎಂದು ನನ್ನ ಮೇಜಿಗೆ ಬಂದ. ಕೆಲವೇ ಹಾಳೆಗಳು. ಲೆಕ್ಕ ಬರೆಯುವವನ ಚಾಳಿ, ಮುದ್ರಣವಾಗುತ್ತಿದ್ದಂತೆಯೇ ಓದಿದೆ. ತಂಡದ ಹೆಸರು, ತಿಂಗಳ ಸಂಬಳ, ಮೇ ತಿಂಗಳಲ್ಲಿ ಶಿಬಿರಕ್ಕೆ ಹಾಜರಾಗಬೇಕಾದ ದಿನ, ಅದರ ಕೆಳಗೆ ತಂಡವು ಯಾವಾಗ ಬೇಕಾದರೂ ಈ ಒಪ್ಪಂದವನ್ನು ಕೊನೆಗೊಳಿಸಬಹುದೆಂಬ ಒಂದು ಸಾಲು. ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಎಲ್ಲ ಒಪ್ಪಂದಗಳಲ್ಲಿಯೂ ಹಾಗೆಯೇ ಇರುತ್ತದೆ ಎಂದು ನಕ್ಕು, ನನ್ನ ಪೆನ್ನಿನಲ್ಲಿಯೇ ಸಹಿ ಹಾಕಿದ. ಊರಿಗೆ ಹೋದವನು ಗೋದಾಮಿನ ಕೆಲಸ ಬಿಟ್ಟು ದಿನವಿಡೀ ಅಭ್ಯಾಸಕ್ಕಿಳಿದ.

ಮಾರ್ಚ್ ಕೊನೆಗೆ ಏನಾಗುತ್ತದೆಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಮೇಜರ್ ಲೀಗಿನ ಸಂಸ್ಥೆಗಳು ವಸಂತ ಶಿಬಿರ ಮುಗಿಸಿ, ಸಂಖ್ಯೆಯ ಮಿತಿಯೊಳಗೆ ಬರಲು ತಮ್ಮ ಮೈನರ್ ಲೀಗ್ ಆಟಗಾರರನ್ನು ಆಗ ಸಾಲುಸಾಲಾಗಿ ಕೈಬಿಡುತ್ತವೆ. ಮೈನರ್ ಲೀಗಿನ ಮೇಲಿನ ಹಂತಗಳಾದ ಡಬಲ್-ಎ, ಟ್ರಿಪಲ್-ಎ ಮಟ್ಟದಲ್ಲಿ ಆಡಿದವರೆಲ್ಲ ಒಂದೇ ವಾರದಲ್ಲಿ ಸ್ವತಂತ್ರ ಲೀಗುಗಳ ಕಡೆಗೆ ನೆರೆಯ ನೀರಿನಂತೆ ಇಳಿದು ಬರುತ್ತಾರೆ, ಫೆಬ್ರವರಿಯಲ್ಲಿ ಸಹಿ ಹಾಕಿದ ಹೊಸಬರು ನಿಂತಿರುವುದು ಹೊಳೆಯ ಅಂಚಿನಲ್ಲಿ. ಆ ಹುಡುಗ ಮೇ ಶಿಬಿರದಲ್ಲಿ ಚೆನ್ನಾಗಿಯೇ ಎಸೆದನಂತೆ. ಕೊನೆಯ ದಿನ ಅವನ ಜಾಗಕ್ಕೆ ಡಬಲ್-ಎಯಿಂದ ಇಳಿದು ಬಂದ ಒಬ್ಬನನ್ನು ಇಟ್ಟುಕೊಂಡರು. ರಾತ್ರಿ ಪಾಳಿಗೆ ನಿಮ್ಮಲ್ಲಿ ಕೆಲಸವಿದೆಯೇ ಎಂದು ನನಗೆ ಫೋನ್ ಮಾಡಿದ. ಇರಲಿಲ್ಲ.

ಇದು ನನ್ನನ್ನು ಅಷ್ಟು ತಟ್ಟಿದ್ದಕ್ಕೆ ಕಾರಣ, ನಾನು ಈ ದೇಶಕ್ಕೆ ಬಂದದ್ದೂ ಇಂಥದೇ ಒಂದು ಕಾಗದ ಹಿಡಿದು. ಅದರಲ್ಲಿ ಲೆಕ್ಕಾಧಿಕಾರಿ ಎಂದಿತ್ತು. ಜನವರಿಯ ಒಂದು ರಾತ್ರಿ ಬಂದಿಳಿದವನಿಗೆ ಮರುದಿನವೇ ಬಟ್ಟೆ ಒಗೆಯುವ ಯಂತ್ರಗಳ ಕೋಣೆಯ ಬೀಗದಕೈ ಕೊಟ್ಟರು. ಲೆಕ್ಕದ ಪುಸ್ತಕ ಕೈಗೆ ಬಂದದ್ದು ಮಾಲೀಕರು ಬದಲಾದ ಮೇಲೆ. ಊರಿಗೆ ಬರೆದ ಪತ್ರಗಳಲ್ಲಿ ಮಾತ್ರ ನಾನು ಮೊದಲ ದಿನದಿಂದಲೇ ಲೆಕ್ಕಾಧಿಕಾರಿ. ನೀವು ಬೆಳೆದ ಮನೆಯೂ ಅಂಥದೇ ಇರಬಹುದಾದ್ದರಿಂದ ಇದನ್ನು ವಿವರಿಸಬೇಕಿಲ್ಲ: ಮಗ ಅಮೆರಿಕದಲ್ಲಿ ಕಾಂಟ್ರಾಕ್ಟ್ ಮಾಡಿಕೊಂಡ ಎಂದು ಒಮ್ಮೆ ಬೀದಿಗೆ ಸುದ್ದಿಯಾದರೆ ಹಿಂದಿರುಗುವುದು ಎಷ್ಟು ಕಷ್ಟವೆಂದು ನಿಮಗೇ ಗೊತ್ತು. ಒಪ್ಪಂದ ಬಂದರೂ ಮೇ ಕೊನೆಯವರೆಗೆ ಮನೆಗೆ ಹೇಳಬೇಡಿ. ಓದು ಬಿಡುವ ಮಾತಂತೂ ಬೇಡವೇ ಬೇಡ.

ಸಂಬಳದ ಲೆಕ್ಕವನ್ನೂ ಕೇಳಿಬಿಡಿ. ಮೇಜರ್ ಲೀಗಿಗೆ ಸೇರಿದ ಮೈನರ್ ಲೀಗ್ ತಂಡಗಳಲ್ಲಿ 2023ರ ಒಪ್ಪಂದದಂತೆ ವರ್ಷದ ಕನಿಷ್ಠ ಸಂಬಳ ಕೆಳಹಂತದ ಲೋ-ಎ ಮಟ್ಟದಲ್ಲಿ 26,200 ಡಾಲರ್, ಟ್ರಿಪಲ್-ಎಯಲ್ಲಿ 35,800. ಸ್ವತಂತ್ರ ಲೀಗಿನ ಹೊಸಬನಿಗೆ ಅದರ ಹತ್ತಿರವೂ ಬರುವುದಿಲ್ಲ. ತಿಂಗಳಿಗೆ ಸಾವಿರ ಡಾಲರ್ ಮುಟ್ಟದ ತಂಡಗಳಿವೆ, ಊರಿನ ಯಾವುದಾದರೂ ಕುಟುಂಬ ಮನೆಯಲ್ಲಿ ಜಾಗ ಕೊಟ್ಟರೆ ಬದುಕು ನಡೆಯುತ್ತದೆ. ಅಲ್ಲಿಂದ ಮೇಲೇರಿದವರಿಲ್ಲವೆಂದಲ್ಲ. ಡ್ರಾಫ್ಟಿನಲ್ಲಿ ಯಾರೂ ಆರಿಸದ, ಕಾಲೇಜಿನಲ್ಲಿ ತಂಡದ ಸಾಮಾನು ನೋಡಿಕೊಳ್ಳುತ್ತಿದ್ದ ಡೇನಿಯಲ್ ನಾವಾ 2007ರಲ್ಲಿ ಚಿಕೋ ಊರಿನ ಸ್ವತಂತ್ರ ತಂಡದಲ್ಲಿ ಆಡಿದ. ಬಾಸ್ಟನ್ ರೆಡ್ ಸಾಕ್ಸ್ ಅವನ ಒಪ್ಪಂದವನ್ನು ಮೊದಲಿಗೆ 1 ಡಾಲರ್ ಕೊಟ್ಟು ಕೊಂಡಿತು. 2010ರಲ್ಲಿ ಮೇಜರ್ ಲೀಗಿನ ತನಗೆ ಬಂದ ಮೊದಲ ಎಸೆತವನ್ನೇ ಅವನು ಗ್ರ್ಯಾಂಡ್ ಸ್ಲ್ಯಾಮ್, ಎಂದರೆ ಮೂರು ಬೇಸುಗಳಲ್ಲಿಯೂ ಓಟಗಾರರಿರುವಾಗಿನ ಹೋಂ ರನ್, ಹೊಡೆದ. ಹುಡುಗರು ಈ ಕಥೆಯನ್ನು ನನ್ನ ಮೇಜಿನ ಮುಂದೆ ಅದೆಷ್ಟು ಸಲ ಹೇಳಿದ್ದಾರೋ!

ಆ ಹುಡುಗರಿಗಿಲ್ಲದ ಒಂದು ತೊಡಕು ನಿಮಗಿದೆ, ಅದು ವೀಸಾ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಅನುಮತಿಯಿಲ್ಲದೆ ಸಂಬಳಕ್ಕೆ ಆಡುವಂತಿಲ್ಲ. ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಓಪಿಟಿ ಎಂಬ ಅನುಮತಿಯಲ್ಲಿಯೂ ಕೆಲಸ ನಿಮ್ಮ ವಿಷಯಕ್ಕೆ ಸಂಬಂಧಿಸಿರಬೇಕು; ಎಂಜಿನಿಯರಿಂಗ್ ಪದವಿಗೆ ಪಿಚಿಂಗ್ ಹೊಂದುವುದಿಲ್ಲ. ಆಟಗಾರರ ಪಿ-1 ವೀಸಾಕ್ಕೆ ಅರ್ಜಿಯನ್ನು ನೀವೇ ಹಾಕಿಕೊಳ್ಳುವಂತಿಲ್ಲ, ಇಲ್ಲಿನ ತಂಡವೋ ಏಜೆಂಟೋ ಹಾಕಬೇಕು. ಹೊಸ ಪಿಚರ್‌ಗೆ ತಿಂಗಳಿಗೆ ಕೆಲವು ನೂರು ಡಾಲರ್ ಕೊಡುವ ತಂಡ ವಕೀಲರಿಗಾಗಿ ಅದಕ್ಕಿಂತ ಹೆಚ್ಚು ಖರ್ಚು ಮಾಡಬೇಕೆಂದರೆ ನಿಮ್ಮ ತೋಳು ಉಳಿದವರಿಗಿಂತ ಸ್ಪಷ್ಟವಾಗಿ ಮೇಲಿರಬೇಕು. ಲೀಗಿಗೆ ಹಣ ಕಟ್ಟುವ ಮೊದಲು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ನಮ್ಮ ದೇಶದವರು ಯಾರೂ ಈ ದಾರಿಯಲ್ಲಿ ನಡೆದಿಲ್ಲವೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ 2008ರಲ್ಲಿ ಟಿವಿ ಸ್ಪರ್ಧೆಯೊಂದರಲ್ಲಿ ಮೊದಲ ಎರಡು ಸ್ಥಾನ ಪಡೆದು ಲಾಸ್ ಏಂಜಲೀಸ್‌ಗೆ ಬಂದು, ತರಬೇತುದಾರ ಟಾಮ್ ಹೌಸ್ ಅವರ ಕೈಕೆಳಗೆ ಪಿಚಿಂಗ್ ಕಲಿತು, ಆ ವರ್ಷದ ನವೆಂಬರಿನಲ್ಲಿಯೇ ಪಿಟ್ಸ್‌ಬರ್ಗ್ ಪೈರೇಟ್ಸ್ ಒಪ್ಪಂದಕ್ಕೆ ಸಹಿ ಹಾಕಿದರು. ರಿಂಕು 2010ರ ಕೊನೆಯಲ್ಲಿ ಆಸ್ಟ್ರೇಲಿಯಾದ ಲೀಗಿನಲ್ಲಿ ಕ್ಯಾನ್‌ಬೆರಾ ತಂಡಕ್ಕೂ ಆಡಿದ. ಅವರು ಕಲಿಯುತ್ತಿದ್ದ ಜಾಗ ನಮಗೆ ಎರಡು ಗಂಟೆಯ ದಾರಿ. ಮನೆಯಲ್ಲಿ ಇವಳು ಚಪಾತಿ, ಪಲ್ಯ ಮಾಡಿಕೊಡುತ್ತೇನೆ, ಒಮ್ಮೆ ಹೋಗಿ ಕೊಟ್ಟು ಬನ್ನಿ ಎಂದು ಹೇಳುತ್ತಲೇ ಇದ್ದಳು. ಪಾಳಿ ಬಿಡುವಾಗಲಿಲ್ಲ, ಮುಂದಿನ ವಾರ ಎನ್ನುತ್ತಾ ದಿನ ಹೋಯಿತು. ಆ ಮಕ್ಕಳು ಇಂಗ್ಲಿಷೂ ಬಾರದೆ ಆ ಊರಿನಲ್ಲಿ ಏನು ತಿಂದರೋ ಎಂದು ಈಗಲೂ ಅನಿಸುತ್ತದೆ.

ಭಾರತೀಯ ಪಾಸ್‌ಪೋರ್ಟಿನವರಿಗೆ ಇನ್ನೊಂದು ದಾರಿ ತೆರೆದಿದೆ. ದುಬೈನ ಬೇಸ್‌ಬಾಲ್ ಯುನೈಟೆಡ್ ಎಂಬ ಲೀಗ್ 2023ರ ನವೆಂಬರಿನಲ್ಲಿ ಪ್ರದರ್ಶನ ಪಂದ್ಯಗಳನ್ನು ನಡೆಸಿತು. ಅದರಲ್ಲಿ ಮುಂಬೈ ಕೋಬ್ರಾಸ್ ಎಂಬ ತಂಡವಿದೆ. ಅದೂ ಚಳಿಗಾಲದ ಆಟವೇ. ಪಾಮ್ ಸ್ಪ್ರಿಂಗ್ಸ್‌ಗೆ ಹಣ ಕಟ್ಟುವ ಮೊದಲು ಅಲ್ಲಿಗೆ ನಿಮ್ಮ ಎಸೆತದ ವಿಡಿಯೊ ಕಳುಹಿಸಿ ನೋಡಿ.

ಇಷ್ಟಾದ ಮೇಲೂ ಬರುವ ಮನಸ್ಸಿದ್ದರೆ ಬನ್ನಿ, ಅಗ್ಗದ ಕೋಣೆಯನ್ನು ನಾನು ಹುಡುಕಿಕೊಡುತ್ತೇನೆ. ಅದಕ್ಕೆ ಮೊದಲು ನಿಮ್ಮ ಪತ್ರದಲ್ಲಿಲ್ಲದ ಎರಡು ಸಂಗತಿಗಳನ್ನು ಬರೆದು ಕಳುಹಿಸಿ. ನೀವು ಎಡಗೈಯವರೇ, ಬಲಗೈಯವರೇ? ರಾಡಾರ್ ಗನ್ನಿನಲ್ಲಿ ಅಳೆದ ನಿಮ್ಮ ವೇಗವೆಷ್ಟು? ಗಂಟೆಗೆ 90 ಮೈಲಿ, ಎಂದರೆ ಸುಮಾರು 145 ಕಿಲೋಮೀಟರ್ ಹತ್ತಿರವಿದ್ದರೆ ಮುಂದಿನ ಮಾತು ಆಡೋಣ.