ಬೆಂಗಳೂರಿನ ಮನೆಯಲ್ಲಿ ಅಂಗೋರಾ ಮೊಲ ಸಾಕಿ ಉಣ್ಣೆಯಿಂದ ಸಂಪಾದಿಸಬಹುದಾ?

ವಿಜಯನಗರದಲ್ಲಿ ಮನೆ, ತಾರಸಿ ಖಾಲಿ ಇದೆ, ನಾಲ್ಕು ಅಂಗೋರಾ ಮೊಲ ತಂದು ಉಣ್ಣೆ ಮಾರಬಹುದಾ, ಶೋಗೆ, ಅಂದರೆ ಮೊಲಗಳ ಪ್ರದರ್ಶನ ಸ್ಪರ್ಧೆಗೆ, ತಯಾರು ಮಾಡಬಹುದಾ ಅಂತ ಕೇಳಿದ್ದೀರಿ. ನಾನು ಬನಶಂಕರಿಯಲ್ಲಿ ಆರು ವರ್ಷದಿಂದ ಎರಡು ಇಂಗ್ಲಿಷ್ ಅಂಗೋರಾ ಸಾಕುತ್ತಿದ್ದೇನೆ. ಬಿಳಿಯದು ಬೆಣ್ಣೆ, ಕಂದು ಬಣ್ಣದ್ದು ರಾಗಿ. ಖಂಡಿತ ಸಾಕಬಹುದು. ಆದರೆ ತಾರಸಿಯಲ್ಲಿ ಬೇಡ, ಮೊದಲೇ ನಾಲ್ಕು ಬೇಡ, ಸಂಪಾದನೆಯ ಲೆಕ್ಕದಲ್ಲಂತೂ ಬೇಡವೇ ಬೇಡ.

ತಾರಸಿ ಯಾಕೆ ಬೇಡ ಅಂದರೆ ಬಿಸಿಲು. ಮೊಲ ನಮ್ಮ ಹಾಗೆ ಬೆವರುವುದಿಲ್ಲ. ಮೈಯ ಬಿಸಿ ಹೊರಗೆ ಹೋಗುವುದು ಹೆಚ್ಚಾಗಿ ಕಿವಿಯಿಂದ. ಅದರ ಮೇಲೆ ಈ ಜಾತಿಗೆ ಮೈತುಂಬ ಉಣ್ಣೆ. ಉಷ್ಣಾಂಶ 30 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ, ನಮ್ಮಲ್ಲಿ ಏಪ್ರಿಲ್‌ನಲ್ಲಿ 35 ಮಾಮೂಲಿ. ನನ್ನವು ಮನೆಯೊಳಗೆ, ಪೂರ್ವದ ಕೋಣೆಯಲ್ಲಿ ಇರುತ್ತವೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಬಿಸಿಲು ಹೋಗಿರುತ್ತದೆ. ಮಲಗಲು ಒಂದು ಕಡಪ ಕಲ್ಲು ಹಾಕಿದ್ದೇನೆ, ಬೇಸಿಗೆಯಲ್ಲಿ ಇಬ್ಬರೂ ಅದನ್ನು ಬಿಟ್ಟು ಏಳುವುದಿಲ್ಲ. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಬಟ್ಟೆ ಸುತ್ತಿ ಪಕ್ಕದಲ್ಲಿಡುತ್ತೇನೆ. ಸ್ನಾನ ಮಾತ್ರ ಮಾಡಿಸಬೇಡಿ. ಒದ್ದೆಯಾದ ಉಣ್ಣೆ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿಬಿಡುತ್ತದೆ.

ಎರಡನೇ ವರ್ಷದ ಏಪ್ರಿಲ್‌ನಲ್ಲಿ ಆದದ್ದನ್ನು ಹೇಳಲೇಬೇಕು. ಉಣ್ಣೆ ಕತ್ತರಿಸುವ ಹೊತ್ತು ಬಂದಿತ್ತು. ಊರಲ್ಲಿ ಮದುವೆ ಅಂತ ಒಂದು ವಾರ ಹೋದೆ. ಪಕ್ಕದ ಮನೆಯವರು ನೀರು, ಹುಲ್ಲು ಸರಿಯಾಗಿಯೇ ಕೊಟ್ಟಿದ್ದರು. ವಾಪಸ್ ಬಂದು ನೋಡಿದರೆ ರಾಗಿ ಮೂಲೆಯಲ್ಲಿ ಕುಗ್ಗಿ ಕೂತಿದೆ. ಪಂಜರದಲ್ಲಿ ಹಿಕ್ಕೆ ಹೆಚ್ಚುಕಡಿಮೆ ಇಲ್ಲ. ಇದ್ದ ನಾಲ್ಕಾರು ಹಿಕ್ಕೆ ಕೂದಲಲ್ಲಿ ಪೋಣಿಸಿದ ಸರದ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಮೊಲ ಮೈ ನೆಕ್ಕಿಕೊಳ್ಳುವಾಗ ಕೂದಲು ನುಂಗುತ್ತದೆ. ಬೆಕ್ಕಾದರೆ ವಾಂತಿ ಮಾಡಿ ಹೊರಗೆ ಹಾಕುತ್ತದೆ, ಮೊಲಕ್ಕೆ ವಾಂತಿ ಮಾಡಲು ಆಗುವುದೇ ಇಲ್ಲ. ಬಿಸಿಲಿಗೆ ಹುಲ್ಲು ತಿನ್ನುವುದು ಕಡಿಮೆಯಾಗಿ, ಹೊಟ್ಟೆಯ ಚಲನೆ ನಿಧಾನವಾಗಿ, ಕೂದಲು ಒಳಗೇ ನಿಂತುಬಿಟ್ಟಿತ್ತು. ಡಾಕ್ಟರ್ ಮೂರು ದಿನ ಡ್ರಿಪ್ ಹಾಕಿದರು. ನಾನು ಮೂರು ಗಂಟೆಗೊಮ್ಮೆ ಸಿರಿಂಜಿನಲ್ಲಿ ಆಹಾರ ಕುಡಿಸಿದೆ. ನಾಲ್ಕನೇ ದಿನ ಬೆಳಿಗ್ಗೆ ಎರಡು ಹಿಕ್ಕೆ ಕಂಡಾಗ ಅತ್ತುಬಿಟ್ಟೆ.

ಅಂದಿನಿಂದ ಬೆಳಿಗ್ಗೆ ಎದ್ದು ಮೊದಲು ನೋಡುವುದೇ ಹಿಕ್ಕೆ. ಅವು ಸರವಾಗಿ ಬರತೊಡಗಿದರೆ ಎಚ್ಚರಿಕೆ ಅಂತಲೇ ಅರ್ಥ. ಊಟದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಒಣಹುಲ್ಲೇ ಇರಬೇಕು. ಗರಿಕೆ, ಕೊತ್ತಂಬರಿ ಸ್ವಲ್ಪ ಕೊಡಬಹುದು. ಕ್ಯಾರೆಟ್ ಒಂದು ಬಿಲ್ಲೆ, ಅಷ್ಟೇ. ಕುದುರೆ ಮಸಾಲೆ (ಲೂಸರ್ನ್ ಮೇವು) ಸೊಪ್ಪು ಮರಿಗಳಿಗೆ ಒಳ್ಳೆಯದು, ದೊಡ್ಡವಕ್ಕೆ ದಿನಾ ಬೇಡ.

ಉಣ್ಣೆ ತಿಂಗಳಿಗೆ ಸುಮಾರು ಎರಡೂವರೆ ಸೆಂಟಿಮೀಟರ್ ಬೆಳೆಯುತ್ತದೆ. 75ರಿಂದ 90 ದಿನಕ್ಕೊಮ್ಮೆ ತೆಗೆಯಬೇಕು. ನಾನು ಕೀಳುವುದಿಲ್ಲ, ಕತ್ತರಿಯಲ್ಲೇ ತೆಗೆಯುತ್ತೇನೆ. 2013ರಲ್ಲಿ ಚೀನಾದ ಫಾರ್ಮ್‌ಗಳ ವಿಡಿಯೊ ಬಂದಿತ್ತು. ಜೀವಂತ ಮೊಲ ಕಿರುಚುತ್ತಿರುವಾಗಲೇ ಉಣ್ಣೆ ಕಿತ್ತು ತೆಗೆಯುತ್ತಿದ್ದರು. ಹಲವು ದೊಡ್ಡ ಬಟ್ಟೆ ಕಂಪನಿಗಳು ಅದಾದ ಮೇಲೆ ಅಂಗೋರಾ ಬಳಸುವುದನ್ನೇ ನಿಲ್ಲಿಸಿದವು. ಇಂಗ್ಲಿಷ್ ಅಂಗೋರಾ ತಾನಾಗಿ ಉಣ್ಣೆ ಉದುರಿಸುವ ಕಾಲದಲ್ಲಿ ಮೆಲ್ಲಗೆ ಎಳೆದರೆ ನೋವಾಗದೆ ಬರುತ್ತದೆ, ನಿಜ. ಆದರೆ ಹೊಸಬರ ಕೈಗೆ ಆ ಹೊತ್ತು ಗೊತ್ತಾಗುವುದಿಲ್ಲ. ಕತ್ತರಿಯೇ ಕ್ಷೇಮ. ಬೆನ್ನಿನ ನಡುವೆ ಬೈತಲೆ ತೆಗೆದು, ಕತ್ತರಿಯನ್ನು ಮೈಗೆ ಸಮವಾಗಿ ಮಲಗಿಸಿ ಹಿಡಿಯಿರಿ. ಉಣ್ಣೆಯನ್ನು ಮೇಲಕ್ಕೆ ಎಳೆದು ಹಿಡಿಯಬೇಡಿ. ಕಾಗದದಷ್ಟು ತೆಳುವಾದ ಚರ್ಮ ಅದರ ಜೊತೆಯೇ ಎದ್ದು ಬಂದು ಕತ್ತರಿಗೆ ಸಿಗುತ್ತದೆ. ನನಗೆ ಒಂದು ಮೊಲಕ್ಕೆ ಒಂದೂವರೆ ಗಂಟೆ ಬೇಕು. ಮಧ್ಯೆ ಬಿಟ್ಟು ಎರಡು ಸಲ ಕೂರುತ್ತೇವೆ.

ಶೋ ವಿಚಾರ. ನಾನು ಮೊಲಗಳನ್ನು ಶೋಗೆ ಕರೆದೊಯ್ದಿಲ್ಲ. ಚಿಕ್ಕಮ್ಮನ ಮಗಳು ಅಮೆರಿಕದಲ್ಲಿ ಕರೆದೊಯ್ಯುತ್ತಾಳೆ, ನಾನು ಕಲಿತದ್ದು ಅವಳಿಂದ. ಅಲ್ಲಿನ ಮೊಲ ಸಾಕುವವರ ಸಂಘ ಇಂಗ್ಲಿಷ್, ಫ್ರೆಂಚ್, ಜೈಂಟ್, ಸ್ಯಾಟಿನ್ ಅಂತ ನಾಲ್ಕು ಅಂಗೋರಾ ತಳಿಗಳನ್ನು ಗುರುತಿಸುತ್ತದೆ. ಅರ್ಧಕ್ಕಿಂತ ಹೆಚ್ಚು ಅಂಕ ಉಣ್ಣೆಗೇ ಹೋಗುತ್ತದೆ. ತೀರ್ಪುಗಾರರು ಉಣ್ಣೆಯೊಳಗೆ ಬಾಯಿಂದ ಊದಿ, ಎಷ್ಟು ಚರ್ಮ ಕಾಣುತ್ತದೆ ಅಂತ ನೋಡುತ್ತಾರೆ. ಕಡಿಮೆ ಕಂಡಷ್ಟೂ ಉಣ್ಣೆ ದಟ್ಟ. ಅದಕ್ಕೆ ತಯಾರು ಮಾಡುವವರು ಬಾಚಣಿಗೆಗಿಂತ ಬ್ಲೋವರ್ ಜಾಸ್ತಿ ಬಳಸುತ್ತಾರೆ, ಗಾಳಿಯಲ್ಲಿ ಸಿಕ್ಕು ಬಿಡುತ್ತದೆ, ಎಳೆ ಹರಿಯುವುದಿಲ್ಲ. ಈ ಊದಿ ನೋಡುವುದನ್ನು ನಾನು ವಾರಕ್ಕೊಮ್ಮೆ ಮಾಡುತ್ತೇನೆ. ಗಾಯ, ಹೊಟ್ಟು, ಜಡೆ ಎಲ್ಲ ಬೇಗ ಕಣ್ಣಿಗೆ ಬೀಳುತ್ತದೆ. ಆದರೆ ಶೋಗೆಂದು ತುಂಬು ಉಣ್ಣೆ ಬಿಟ್ಟುಕೊಂಡು ನಮ್ಮ ಬೇಸಿಗೆ ಕಳೆಯುವುದು ಆ ಪ್ರಾಣಿಗೆ ಹಿಂಸೆ. ನಾನಂತೂ ಮಾಡುವುದಿಲ್ಲ.

ಇನ್ನು ಉಣ್ಣೆ. ನನಗೆ ತುಂಬಾ ಇಷ್ಟವಾದ ಭಾಗ ಇದು. ಎಳೆಯ ದಪ್ಪ 12ರಿಂದ 14 ಮೈಕ್ರಾನ್ ಮಾತ್ರ, ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಎಳೆಯ ಒಳಗೆ ಗಾಳಿ ತುಂಬಿದ ಕೋಶಗಳಿವೆ, ಅದಕ್ಕೇ ಅಷ್ಟು ಹಗುರ, ಅಷ್ಟು ಬೆಚ್ಚಗೆ. ಕುರಿ ಉಣ್ಣೆಯಲ್ಲಿರುವ ಜಿಡ್ಡು ಇದರಲ್ಲಿಲ್ಲ. ತೊಳೆಯದೆಯೇ ನೂಲಬಹುದು, ಆದರೆ ಬೆರಳಿನಿಂದ ಜಾರುತ್ತದೆ. ನನಗೆ ದಾರಿ ತೋರಿಸಿದ್ದು ನಮ್ಮ ಅಜ್ಜಿ. ಶಾಲೆಯಲ್ಲಿ ತಕಲಿಯಲ್ಲಿ ಹತ್ತಿ ನೂತವರು. ಬೆಣ್ಣೆಯ ಬೆನ್ನಿನ ಉಣ್ಣೆಯನ್ನು ಹಂಜಿಯ ಹಾಗೆ ಸುತ್ತಿ ಕೊಟ್ಟೆ. ಎರಡು ಸಲ ಎಳೆದು ನೋಡಿ, "ಇದು ಹತ್ತಿಗಿಂತ ಉದ್ದ ಇದೆ ಕಣೇ, ಹುರಿ ಜಾಸ್ತಿ ಹಾಕು, ನಿಲ್ಲುತ್ತೆ" ಅಂದರು. ನಿಂತಿತು. ಈಗ ಮೂರು ಪಾಲು ಮೆರಿನೊ ಕುರಿ ಉಣ್ಣೆಗೆ ಒಂದು ಪಾಲು ಇದನ್ನು ಬೆರೆಸಿ ನೂಲುತ್ತೇನೆ. ಬರೀ ಅಂಗೋರಾ ಸ್ವೆಟರ್ ನಮ್ಮ ಡಿಸೆಂಬರ್‌ಗೂ ಸೆಖೆ. ಅಜ್ಜಿಯ ಮಂಡಿಗೆ ಎರಡು ಪಟ್ಟಿ, ಅಕ್ಕನ ಮಗುವಿಗೆ ಕುಲಾವಿ, ಇಂಥವೇ ಸರಿ. ಹೊಟ್ಟೆಯ, ಕಾಲಿನ ತುಂಡು ಉಣ್ಣೆ ದಿಂಬಿಗೆ. ಹಿಕ್ಕೆ ನೇರವಾಗಿ ಕರಿಬೇವಿನ ಗಿಡಕ್ಕೆ.

ದುಡ್ಡಿನ ಲೆಕ್ಕ ಬೇಗ ಮುಗಿಯುತ್ತದೆ. ಒಂದು ಸಲಕ್ಕೆ ನನಗೆ ಒಂದು ಮೊಲದಿಂದ 70–80 ಗ್ರಾಂ ಸಿಗುತ್ತದೆ. ಉಣ್ಣೆಗೆಂದೇ ಸಾಕುವ ಜರ್ಮನ್ ಅಂಗೋರಾ ಅನ್ನುವ ಇನ್ನೊಂದು ಬಗೆ ಆದರೆ ವರ್ಷಕ್ಕೆ ಒಂದು ಕಿಲೋವರೆಗೂ ಕೊಡುತ್ತದೆ. ಆದರೆ ಉಣ್ಣೆಗಾಗಿ ಸಾಕುವ ಆ ಕೆಲಸ ನಡೆಯುವುದು ಹಿಮಾಚಲದ ಕುಲು ಕಡೆ. ಅಲ್ಲಿ ಚಳಿ ಇದೆ, ನೇಕಾರರಿದ್ದಾರೆ, ಗಡ್ಸಾದಲ್ಲಿ ಸರ್ಕಾರದ ಸಂಶೋಧನಾ ಕೇಂದ್ರವೂ ಇದೆ. ನನಗೆ ಹುಲ್ಲು, ಪೆಲೆಟ್ (ಗುಳಿಗೆ ರೂಪದ ಮೇವು), ಡಾಕ್ಟರ್ ಸೇರಿ ತಿಂಗಳಿಗೆ ಎರಡು ಸಾವಿರ ದಾಟುತ್ತದೆ. ಉಣ್ಣೆ ಮಾರಿ ಅದನ್ನು ತುಂಬಿಸಲು ಆಗಿಲ್ಲ.

ಇಷ್ಟಾದ ಮೇಲೂ ಮನಸ್ಸಿದ್ದರೆ ಒಂದೇ ಜೋಡಿ ತನ್ನಿ. ಸಾಕಷ್ಟು ದೊಡ್ಡ ಜಾಗ ಕೊಡಿ, ಪಂಜರದ ತಂತಿಯ ನೆಲದ ಮೇಲೆ ಚಾಪೆ ಹಾಸಿ. ಕತ್ತಿನ ಸುತ್ತ ಮಾತ್ರ ಕೇಸರವಿರುವ ಲಯನ್‌ಹೆಡ್ ಮೊಲವನ್ನೂ ಅಂಗೋರಾ ಅಂತ ಮಾರುತ್ತಾರೆ. ಇಂಗ್ಲಿಷ್ ಅಂಗೋರಾಗೆ ಕೆನ್ನೆ, ಕಿವಿ ತುದಿಯಲ್ಲೂ ಉಣ್ಣೆ ಇರುತ್ತದೆ. ಕೊಳ್ಳುವ ಮೊದಲು ಕಿವಿಯ ಹಿಂದೆ, ಮುಂಗಾಲ ಸಂದಿಯಲ್ಲಿ ಬೆರಳಾಡಿಸಿ. ಅಲ್ಲಿ ಜಡೆಗಟ್ಟಿದ್ದರೆ ಸಾಕಿದವರು ಮೈ ನೋಡಿಲ್ಲ ಅಂತ ತಿಳಿಯಿರಿ. ಮಾರ್ಚ್‌ನಲ್ಲಿ ತರಬೇಡಿ. ನವೆಂಬರ್‌ನಲ್ಲಿ ತನ್ನಿ, ಬೇಸಿಗೆ ಬರುವ ಮೊದಲು ಒಂದು ಸಲವಾದರೂ ನಿಮ್ಮ ಕೈಯಲ್ಲೇ ಕತ್ತರಿಸಿರುತ್ತೀರಿ.