ಪಂದ್ಯಾಟವೂ ಆಗಲಿ, ಅಂಗಳದಲ್ಲಿ ಆ ಪೆಟ್ಟಿಗೆಯೂ ಇರಲಿ

ಪತ್ರ: ಅಕ್ಕನ ಮಗ ಹತ್ತನೇ ತರಗತಿಯಲ್ಲಿದ್ದ. ವಾಲಿಬಾಲ್ ಆಡುತ್ತಿದ್ದವನು ಕುಸಿದು ಬಿದ್ದ. ನೀರು ಚಿಮುಕಿಸಿದರು, ಗಾಳಿ ಹಾಕಿದರು, ಕಾರಿನಲ್ಲಿ ಕರೆದೊಯ್ದರು. ಅಷ್ಟರಲ್ಲಿ ಮುಗಿದಿತ್ತು. ಹೃದಯ ನಿಂತಿತು ಎಂದರು. ವರ್ಷಾಂತಕ್ಕೆ ಅವನ ನೆನಪಲ್ಲಿ ಯುವಕ ಮಂಡಲದವರು ಹೊನಲು ಬೆಳಕಿನ ಪಂದ್ಯಾಟ ಮಾಡುತ್ತಾರಂತೆ. ಬಾವನಿಗೆ ಬಸ್ ತಂಗುದಾಣ ಕಟ್ಟಿಸುವ ಆಸೆ. ಅಕ್ಕ ಮಾತ್ರ, ‘ಇದರಿಂದ ಇನ್ನೊಬ್ಬರ ಮಗು ಉಳಿಯುತ್ತದಾ?’ ಎನ್ನುತ್ತಾಳೆ. ಅವಳಿಗೆ ಇನ್ನು ಒಬ್ಬಳು ಮಗಳು ಇದ್ದಾಳೆ. ಏನು ಮಾಡುವುದು?
– ಓದುಗರೊಬ್ಬರು, ಕಾಪು

ಸಂಪಾದಕರ ಉತ್ತರ:

ಅಕ್ಕನ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಆದರೆ ಊರಿನ ಮಕ್ಕಳ ಮಾತಿಗೆ ಮೊದಲು ಮನೆಯ ಮಗಳ ಮಾತು. ಅವಳಿಗೆ ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಎರಡೂ ಆಗಬೇಕು. ಅಪ್ಪ-ಅಮ್ಮನಿಗೂ ಆಗಬೇಕು. ಈ ವಯಸ್ಸಿನವರ ಹೃದಯ ಹೀಗೆ ನಿಲ್ಲಲು ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ ಕಾರಣವಿರಬಹುದು. ಅಥವಾ ‘ಲಾಂಗ್ ಕ್ಯೂಟಿ’ಯಂತಹ, ಬಡಿತದ ವಿದ್ಯುತ್ತಿನ ದೋಷ ಇರಬಹುದು. ಇವು ಹೆಚ್ಚಾಗಿ ವಂಶದಲ್ಲಿ ಬರುತ್ತವೆ. ಹೆತ್ತವರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಸಾಮಾನ್ಯವಾಗಿ ಅರ್ಧಕ್ಕರ್ಧ. ಮರಣೋತ್ತರ ಪರೀಕ್ಷೆ ಆಗಿದ್ದರೆ ಆ ವರದಿಯನ್ನು ಹೃದ್ರೋಗ ತಜ್ಞರಿಗೆ ತೋರಿಸಿ. ಎಲ್ಲ ಸರಿ ಇದೆ ಎಂದು ಬಂದರೂ ಮತ್ತೆ ಯಾವಾಗ ಬರಬೇಕು ಎಂದು ಕೇಳಿಯೇ ಏಳಿ. ಸ್ನಾಯು ದಪ್ಪವಾಗುವುದು ಕೆಲವರಲ್ಲಿ ಪ್ರಾಯಕ್ಕೆ ಬಂದ ಮೇಲೆಯೇ ಕಾಣಿಸುತ್ತದೆ.

ಇನ್ನು ಆ ದಿನ ಅಂಗಳದಲ್ಲಿ ಆದದ್ದು. ಅಲ್ಲಿದ್ದವರನ್ನು ಯಾರೂ ದೂರಬಾರದು. ಮಕ್ಕಳು ಬಿದ್ದರೆ ನಮಗೆ ಮೊದಲು ನೆನಪಾಗುವುದು ಬಿಸಿಲು, ಪಿತ್ತ, ಬಿಟ್ಟರೆ ಪಿಟ್ಸ್. ಯಾರೋ ಕೈಗೆ ಬೀಗದ ಕೈ ಹಿಡಿಸುತ್ತಾರೆ. ಹೃದಯ ನಿಂತ ಮೇಲೂ ಕೈಕಾಲು ಒಂದಿಷ್ಟು ಸೆಳೆಯಬಹುದು. ಗೊರಗೊರ ಉಸಿರು ಸ್ವಲ್ಪ ಹೊತ್ತು ಬರಬಹುದು. ಉಸಿರಾಡುತ್ತಿದ್ದಾನೆ ಎಂದು ಜನ ಸಮಾಧಾನ ಪಡುತ್ತಾರೆ. ಅದು ಉಸಿರಲ್ಲ. ಕರೆದರೆ ಓಗೊಡುವುದಿಲ್ಲ, ಸರಿಯಾಗಿ ಉಸಿರಾಡುವುದಿಲ್ಲ ಎಂದಾದರೆ ಕೂಡಲೇ ಎದೆ ಒತ್ತಲು ಶುರು ಮಾಡಬೇಕು. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ದೊಡ್ಡ ಮಕ್ಕಳಾದರೆ ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಲಿ.

ಒತ್ತುವುದರಿಂದ ಮಿದುಳಿಗೆ ರಕ್ತ ಹೋಗುತ್ತಿರುತ್ತದೆ, ಅಷ್ಟೆ. ದಿಕ್ಕು ತಪ್ಪಿ ನಡುಗುವ ಹೃದಯವನ್ನು ಸರಿಯಾದ ಬಡಿತಕ್ಕೆ ತರಲು ವಿದ್ಯುತ್ತಿನ ಆಘಾತ ಬೇಕು. ಒತ್ತುವವರೂ ಇಲ್ಲ, ಆಘಾತವೂ ಇಲ್ಲ ಎಂದಾದರೆ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ. ಹೈವೇ ಬದಿಗೆ ಆಂಬುಲೆನ್ಸ್ ಬೇಗ ಬಂದೀತು. ಆಟಿ ತಿಂಗಳ ಮಳೆಯಲ್ಲಿ ಒಳಗಿನ ಊರಿಗೆ? ಅದಕ್ಕೇ ಈ ಆಘಾತ ಕೊಡುವ ಎಇಡಿ ಎಂಬ ಪೆಟ್ಟಿಗೆ ಅಂಗಳದ ಹತ್ತಿರವೇ ಇರಬೇಕು ಎನ್ನುವುದು. ಅದರ ಪಟ್ಟಿಗಳನ್ನು ಎದೆಗೆ ಅಂಟಿಸಿದರೆ ಹೃದಯದ ಲಯವನ್ನು ಅದೇ ನೋಡುತ್ತದೆ. ಬೇಡದಿದ್ದರೆ ಆಘಾತ ಕೊಡುವುದಿಲ್ಲ. ಏನು ಮಾಡಬೇಕೆಂದು ಮಾತಾಡಿ ಹೇಳುತ್ತದೆ, ಹೈಸ್ಕೂಲು ಮಕ್ಕಳೂ ಕಲಿಯಬಹುದು.

2021ರಲ್ಲಿ ಕೋಪನ್‌ಹೇಗನ್‌ನಲ್ಲಿ ಪಂದ್ಯದ ನಡುವೆ ಬಿದ್ದ ಡೆನ್ಮಾರ್ಕ್ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸೆನ್ ಉಳಿದದ್ದು ಹೀಗೆಯೇ. ಎದೆ ಒತ್ತಿದರು, ಅಲ್ಲೇ ಆಘಾತ ಕೊಟ್ಟರು. ಅಕ್ಕನಿಗೆ ಇನ್ನೊಂದು ಸಂಗತಿ ಹೇಳಿ. 2011ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಆಲಿವರ್ ಕಿಂಗ್ ಎಂಬ 12 ವರ್ಷದ ಹುಡುಗ ಶಾಲೆಯ ಈಜು ಸ್ಪರ್ಧೆಯಲ್ಲಿ ಹೀಗೆಯೇ ತೀರಿಕೊಂಡ. ಅವನ ಅಪ್ಪ ಶಾಲೆಗಳಿಗೆ ಈ ಪೆಟ್ಟಿಗೆ ಬೇಕು ಎಂದು ಪಟ್ಟು ಹಿಡಿದರು. ಹತ್ತು ವರ್ಷ ದಾಟಿತು. ಆದರೂ ಕೊನೆಗೆ ಇಂಗ್ಲೆಂಡಿನ ಸರಕಾರ ಎಲ್ಲ ಸರಕಾರಿ ಶಾಲೆಗಳಿಗೂ ಕೊಡಲು ಒಪ್ಪಿತು.

ದೂರದ ಊರಿನ ಕತೆ ಅನ್ನಿಸಿದರೆ ನಮ್ಮ ಮಂಗಳೂರನ್ನೇ ನೋಡಿ. ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ತಲುಪಿಸಿದರು. ವರದಿ ವಾಟ್ಸಾಪ್‌ನಲ್ಲಿ ತಜ್ಞರಿಗೆ ಬರುವ ಹಾಗೆ ಮಾಡಿದರು. ಯಂತ್ರ ಕೊಟ್ಟು ಕೈ ತೊಳೆದುಕೊಳ್ಳದೆ ಅದರ ಆಚೆ ತುದಿಯಲ್ಲಿ ಒಬ್ಬರು ಇರುವಂತೆ ನೋಡಿಕೊಂಡದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಹಾಗಾಗಿ ಪಂದ್ಯಾಟ ಬೇಡ ಎನ್ನಬೇಡಿ. ಊರಿನ ಹುಡುಗರೆಲ್ಲ ಒಂದೇ ಕಡೆ ಸೇರುವ ರಾತ್ರಿ ಅದು. ಉದ್ಘಾಟನೆಯ ಶಾಲು, ಹಾರ, ಭಾಷಣಕ್ಕೆ ಹೇಗೂ ಒಂದು ಗಂಟೆ ಹೋಗುತ್ತದೆ ಅಲ್ವಾ? (ಆ ಗಂಟೆಯಲ್ಲಿ ನನ್ನ ಪಾಲೂ ಎಷ್ಟೋ ಇದೆ.) ಅದರಲ್ಲಿ ಅರ್ಧ ಗಂಟೆ ಕಿತ್ತುಕೊಂಡು, ತರಬೇತಿ ಇರುವವರನ್ನು ಕರೆಸಿ, ಎದೆ ಒತ್ತುವುದನ್ನು ಗೊಂಬೆಯ ಮೇಲೆ ಕಲಿಸಿ. ಪ್ರತಿ ತಂಡದಿಂದ ಇಬ್ಬರು ಕಲಿತರೆ ಮಾತ್ರ ಆಟಕ್ಕೆ ಪ್ರವೇಶ ಎಂದು ನಿಯಮ ಮಾಡಿ. ಹುಡುಗರು ಗೊಣಗುತ್ತಾರೆ, ಗೊಣಗಲಿ.

ಬಾವನಿಗೆ ಬೇಜಾರಾಗದ ಹಾಗೆ ಒಂದು ಮಾತು. ಸ್ಮರಣಾರ್ಥ ತಂಗುದಾಣಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಒಂದು ಎಇಡಿಗೆ ಹೆಚ್ಚುಕಡಿಮೆ ಲಕ್ಷ ರೂಪಾಯಿ ಆದೀತು. ತಂಗುದಾಣಕ್ಕಿಂತ ಕಡಿಮೆ, ಆದರೆ ಖರ್ಚು ಅಲ್ಲಿಗೇ ನಿಲ್ಲುವುದಿಲ್ಲ. ಅಂಟಿಸುವ ಪಟ್ಟಿಗೆ ಅವಧಿ ಇದೆ, ಬ್ಯಾಟರಿಗೂ ಇದೆ. ಉಳಿದ ಹಣವನ್ನು ಅದಕ್ಕೇ ತೆಗೆದಿಡಲಿ.

ಊರಿಗೆಲ್ಲ ಇಸಿಜಿ ಶಿಬಿರ ಮಾಡಿದರೆ ಹೇಗೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇಟಲಿಯಲ್ಲಿ 1982ರಿಂದ ಕ್ರೀಡಾಪಟುಗಳಿಗೆ ಅದು ಕಡ್ಡಾಯ, ಸಾವು ಇಳಿದದ್ದೂ ಹೌದು. ಆದರೆ ಇಸಿಜಿಗೆ ಸಿಗದ ದೋಷಗಳಿವೆ, ಏನೂ ಇಲ್ಲದ ಮಕ್ಕಳನ್ನು ಸುಮ್ನೆ ಹೆದರಿಸುವುದೂ ಇದೆ. ಮುಂದಿನ ಪರೀಕ್ಷೆಗೆ ತಜ್ಞರು ಒಪ್ಪಿದ್ದರೆ ಮಾತ್ರ ಕೈ ಹಾಕಿ. ಅದಕ್ಕಿಂತ ಮೊದಲು ಪಿ.ಇ. ಮೇಷ್ಟ್ರಿಗೆ ಎರಡು ಪ್ರಶ್ನೆ ಕೊಡಿ: ಓಡುವಾಗ, ಈಜುವಾಗ ಯಾವ ಮಗು ಎಚ್ಚರ ತಪ್ಪಿತ್ತು? ಯಾರ ಮನೆಯಲ್ಲಿ ಚಿಕ್ಕ ಪ್ರಾಯದ ಹಠಾತ್ ಸಾವು ಆಗಿತ್ತು? ಆ ಮಕ್ಕಳನ್ನು ಮೊದಲು ತೋರಿಸಿ.

ಪೆಟ್ಟಿಗೆಯನ್ನು ದಯವಿಟ್ಟು ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಬೀಗ ಹಾಕಿ ಇಡಬೇಡಿ. ಬೆಲೆಬಾಳುವುದನ್ನೆಲ್ಲ ಒಳಗಿಡುವುದು ನಮ್ಮ ಅಭ್ಯಾಸ. ಸಂಜೆ ಆಡುವ ಹೊತ್ತಿಗೆ ಶಾಲೆ ಮುಚ್ಚಿರುತ್ತದೆ. ಅಂಗಳದ ಪಕ್ಕ ರಾತ್ರಿಯವರೆಗೆ ತೆರೆದಿರುವ ಅಂಗಡಿಯೋ ಮನೆಯೋ ನೋಡಿ. ಪೆಟ್ಟಿಗೆಯ ಮೇಲೆ ಹುಡುಗನ ಹೆಸರು ಖಂಡಿತ ಬರೆಸಿ. ಕೆಳಗೆ, ಬ್ಯಾಟರಿ ನೋಡಿಕೊಳ್ಳುವವರ ಫೋನ್ ನಂಬರ್. ಅದನ್ನು ದಾನಿಗಳ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಬರೆಸಿ.

– ಸಂ.